ಹಿರಿಯರ ಆರೋಗ್ಯ: ಆಹಾರ ಮತ್ತು ನಿದ್ರೆಯ ಪಾತ್ರ

ವೃದ್ಧಾಪ್ಯವು ರೋಗವಲ್ಲ, ಅದು ಜೀವನದ ಸಹಜ ಘಟ್ಟ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದವರು ಹಿರಿಯ ನಾಗರಿಕರೆನಿಸುತ್ತಾರೆ. ವಯಸ್ಸಾದವರಿಗೆ ಊಟವೂ ಕಡಿಮೆ ಸಾಕು, ನಿದ್ರೆಯೂ ಕಡಿಮೆ ಸಾಕು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಈ ನಂಬಿಕೆಯಿಂದಾಗಿ ಹಿರಿಯರು ಸೊರಗುವುದನ್ನೂ, ರಾತ್ರಿಯಿಡೀ ಎಚ್ಚರವಾಗಿರುವುದನ್ನೂ ವಯಸ್ಸಿನ ಲಕ್ಷಣವೆಂದು ಕಡೆಗಣಿಸಲಾಗುತ್ತದೆ. ವಾಸ್ತವವಾಗಿ ಇವುಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದ ತೊಂದರೆಗಳು.

ದೇಹದಲ್ಲಿ ಆಗುವ ಬದಲಾವಣೆಗಳು

30 ವರ್ಷದ ನಂತರ ಪ್ರತಿ ಹತ್ತು ವರ್ಷಕ್ಕೆ ಸ್ನಾಯುಗಳ ಪ್ರಮಾಣವು ಸುಮಾರು ಶೇಕಡ 3ರಿಂದ 8ರಷ್ಟು ಕುಗ್ಗುತ್ತದೆ. 60 ವರ್ಷದ ನಂತರ ಈ ಇಳಿಕೆ ಇನ್ನೂ ಹೆಚ್ಚು. ಮೂಳೆಗಳು ದುರ್ಬಲವಾಗುತ್ತವೆ. ನಾಲಿಗೆಯ ರುಚಿ, ಹಸಿವು ಹಾಗೂ ಬಾಯಾರಿಕೆ ತಗ್ಗುತ್ತವೆ. ಹಲ್ಲಿಲ್ಲದವರು ಕಾಳು ಮತ್ತು ತರಕಾರಿಗಳನ್ನು ಬಿಟ್ಟು ಮೆತ್ತನೆಯ ಅನ್ನ, ಬ್ರೆಡ್ಡು, ಬಿಸ್ಕತ್ತುಗಳನ್ನೇ ಅವಲಂಬಿಸುತ್ತಾರೆ. ಇದರಿಂದ ಹೊಟ್ಟೆ ತುಂಬಿದರೂ ಪೋಷಣೆ ದೊರೆಯುವುದಿಲ್ಲ. ಸ್ನಾಯು ಸೊರಗಿ ಮೂಳೆ ಸವೆದವರು ಒಮ್ಮೆ ಜಾರಿ ಬಿದ್ದರೂ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವ ಸಂಭವವಿರುತ್ತದೆ.

ಆಹಾರ

ವಯಸ್ಸಾದಂತೆ ಶರೀರಕ್ಕೆ ಬೇಕಾಗುವ ಶಕ್ತಿಯ ಪ್ರಮಾಣ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಪ್ರೋಟೀನ್, ಕ್ಯಾಲ್ಸಿಯಂ ಮತ್ತು ಜೀವಸತ್ವಗಳ ಅಗತ್ಯ ಕಡಿಮೆಯಾಗುವುದಿಲ್ಲ. ಆದುದರಿಂದ ಹಿರಿಯರು ಉಣ್ಣುವ ಪ್ರತಿಯೊಂದು ತುತ್ತೂ ಸತ್ವಯುತವಾಗಿರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಬೆಳಿಗ್ಗೆ ಕಾಫಿ ಬಿಸ್ಕತ್ತು, ಮಧ್ಯಾಹ್ನ ತಿಳಿಸಾರಿನ ಅನ್ನ, ರಾತ್ರಿ ಗಂಜಿ ಎಂಬ ಕ್ರಮದಲ್ಲಿ ಇಷ್ಟು ಪ್ರೋಟೀನ್ ದೊರೆಯಲಾರದು. ಪ್ರತಿ ಊಟದಲ್ಲಿಯೂ ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ ಅಥವಾ ಮೀನು ಇವುಗಳಲ್ಲಿ ಒಂದಾದರೂ ಇರುವುದು ಅವಶ್ಯಕ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರ ಸಲಹೆಯಂತೆ ನಿಗದಿಪಡಿಸಿಕೊಳ್ಳಬೇಕು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿ ಮತ್ತು ಗೋಧಿಯಲ್ಲಿರುವುದಕ್ಕಿಂತ ಇದು ಹಲವು ಪಟ್ಟು ಹೆಚ್ಚು. ಮುದ್ದೆ, ಅಂಬಲಿ ಅಥವಾ ಮಾಲ್ಟ್ ರೂಪದಲ್ಲಿ ಇದನ್ನು ಹಲ್ಲಿಲ್ಲದವರೂ ಸೇವಿಸಬಹುದು. ಕಾಳುಗಳನ್ನು ನೆನೆಸಿ ಮೆತ್ತಗೆ ಬೇಯಿಸಿ ಬಸ್ಸಾರು ಮಾಡಬಹುದು. ನುಗ್ಗೆಸೊಪ್ಪು, ದಂಟಿನಸೊಪ್ಪು ಮುಂತಾದವುಗಳನ್ನು ಸಣ್ಣಗೆ ಹೆಚ್ಚಿ ಬೇಳೆಯೊಡನೆ ಬೇಯಿಸಿದರೆ ಅಗಿಯುವುದು ಸುಲಭವಾಗುತ್ತದೆ.

ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳಿಂದ ಮಾತ್ರ ಗಣನೀಯವಾಗಿ ದೊರೆಯುತ್ತದೆ. ವಯಸ್ಸಾದಂತೆ ಇದನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಕುಗ್ಗುತ್ತದೆ. ಪಾದಗಳಲ್ಲಿ ಜೋಮು, ಮರೆವು, ನಿಶ್ಶಕ್ತಿ ಕಂಡುಬಂದಲ್ಲಿ, ಅದರಲ್ಲಿಯೂ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರಲ್ಲಿ ಕಂಡುಬಂದಲ್ಲಿ, ರಕ್ತಪರೀಕ್ಷೆ ಮಾಡಿಸುವುದು ಸೂಕ್ತ.

ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಬಳಸಲು ಸೂಚಿಸಿದೆ. ಇದು ಸುಮಾರು ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ ಹಾಗೂ ಸಂಡಿಗೆಗಳಲ್ಲಿರುವ ಉಪ್ಪು ಸಹ ಈ ಲೆಕ್ಕಕ್ಕೆ ಸೇರುತ್ತದೆ.

ನಿದ್ರೆ

ಹಿರಿಯರಿಗೂ ದಿನಕ್ಕೆ 7ರಿಂದ 8 ಗಂಟೆಗಳ ನಿದ್ರೆ ಅಗತ್ಯ. ವಯಸ್ಸಾದಂತೆ ಗಾಢ ನಿದ್ರೆಯ ಅವಧಿ ಕಡಿಮೆಯಾಗಿ, ಮಧ್ಯೆ ಎಚ್ಚರವಾಗುವುದು ಹೆಚ್ಚುತ್ತದೆ. ಬೇಗ ನಿದ್ದೆ ಬಂದು ನಸುಕಿನಲ್ಲಿಯೇ ಎಚ್ಚರವಾಗುವುದೂ ಸಹಜ. ಕಡಿಮೆಯಾಗುವುದು ನಿದ್ರೆ ಮಾಡುವ ಸಾಮರ್ಥ್ಯವೇ ಹೊರತು ನಿದ್ರೆಯ ಅಗತ್ಯವಲ್ಲ. ದೀರ್ಘಕಾಲ ನಿದ್ರೆಗೆಟ್ಟಲ್ಲಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಹತೋಟಿ ತಪ್ಪುವ ಸಂಭವವಿದೆ; ಜ್ಞಾಪಕಶಕ್ತಿ ಕುಂದುತ್ತದೆ; ಹಗಲಿನ ಮಂಪರಿನಿಂದ ಬೀಳುವ ಅಪಾಯ ಹೆಚ್ಚುತ್ತದೆ.

ಆಹಾರ ಮತ್ತು ನಿದ್ರೆ ಪರಸ್ಪರ ಅವಲಂಬಿತವಾಗಿವೆ. ನಿದ್ರೆಗೆಟ್ಟವರಿಗೆ ಮರುದಿನ ಅಡುಗೆ ಮಾಡಲು, ನಡೆದಾಡಲು ಉತ್ಸಾಹವಿರುವುದಿಲ್ಲ. ನಡೆದಾಡದವರಿಗೆ ಹಸಿವು ಹುಟ್ಟುವುದಿಲ್ಲ, ರಾತ್ರಿ ಒಳ್ಳೆಯ ನಿದ್ರೆಯೂ ಬರುವುದಿಲ್ಲ. ಈ ಸರಪಳಿಯನ್ನು ಮುರಿಯಲು ಕೆಳಗಿನ ಕ್ರಮಗಳು ಸಹಕಾರಿ:

1. ಪ್ರತಿದಿನ ಒಂದೇ ಸಮಯಕ್ಕೆ ಮಲಗಿ ಒಂದೇ ಸಮಯಕ್ಕೆ ಏಳಬೇಕು.
2. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಬೇಕು. ಹಗಲಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ.
3. ಮಧ್ಯಾಹ್ನದ ನಿದ್ರೆಯನ್ನು ಊಟವಾದ ಬಳಿಕ ಅರ್ಧ ಗಂಟೆಗೆ ಸೀಮಿತಗೊಳಿಸಬೇಕು.
4. ಮಧ್ಯಾಹ್ನದ ನಂತರ ಕಾಫಿ, ಚಹಾ ಬಿಡುವುದು ಒಳ್ಳೆಯದು. ಕೆಫೀನ್ ಹಲವು ಗಂಟೆಗಳ ಕಾಲ ದೇಹದಲ್ಲಿ ಉಳಿಯುತ್ತದೆ.
5. ಮಲಗುವುದಕ್ಕೆ 2ರಿಂದ 3 ಗಂಟೆ ಮುಂಚೆ ಹಿತಮಿತವಾಗಿ ಊಟ ಮುಗಿಸಬೇಕು.
6. ನೀರು, ಮಜ್ಜಿಗೆಗಳನ್ನು ಹಗಲಿನಲ್ಲಿಯೇ ಸಾಕಷ್ಟು ಕುಡಿದು ಸಂಜೆಯ ನಂತರ ಕಡಿಮೆ ಮಾಡಬೇಕು. ಇದರಿಂದ ರಾತ್ರಿ ಮೂತ್ರಕ್ಕೆ ಏಳುವುದು ತಗ್ಗುತ್ತದೆ.
7. ಮಲಗುವ ಕೋಣೆಯಿಂದ ಶೌಚಾಲಯದವರೆಗೆ ಮಂದ ದೀಪವಿರಬೇಕು. ದಾರಿಯಲ್ಲಿ ಜಾರುವ ಚಾಪೆ ಇರಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಊಟ ಸೇರದಿರುವುದು, ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ವಾರಗಟ್ಟಲೆ ನಿದ್ರೆ ಬಾರದಿರುವುದು, ಕಾರಣವಿಲ್ಲದ ದುಃಖ ಇವು ವಯಸ್ಸಿನ ಸಹಜ ಲಕ್ಷಣಗಳಲ್ಲ. ಔಷಧಿ ಅಂಗಡಿಯಿಂದ ತಾವೇ ನಿದ್ರೆಮಾತ್ರೆ ತಂದು ಸೇವಿಸುವುದು ಅಪಾಯಕರ. ಹಿರಿಯರಲ್ಲಿ ಇವು ಗೊಂದಲಕ್ಕೂ, ಬೀಳುವುದಕ್ಕೂ ಕಾರಣವಾಗುತ್ತವೆ. ಈಗಾಗಲೇ ಇವುಗಳನ್ನು ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಏಕಾಏಕಿ ನಿಲ್ಲಿಸಬಾರದು.

ಕುಟುಂಬದ ಹೊಣೆ

ಒಬ್ಬಂಟಿಯಾಗಿ ಉಣ್ಣುವವರಿಗೆ ಊಟ ರುಚಿಸುವುದಿಲ್ಲ. ದಿನಕ್ಕೊಮ್ಮೆಯಾದರೂ ಮನೆಯವರು ಹಿರಿಯರೊಡನೆ ಕುಳಿತು ಊಟ ಮಾಡುವುದು, ತಿಂಗಳಿಗೊಮ್ಮೆ ಅವರ ತೂಕ ನೋಡಿ ಬರೆದಿಡುವುದು ಖರ್ಚಿಲ್ಲದ ಉಪಾಯಗಳು. ಮೇಲ್ಕಂಡ ತೊಂದರೆಗಳಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು. ಹಿರಿಯ ನಾಗರಿಕರ ಉಚಿತ ರಾಷ್ಟ್ರೀಯ ಸಹಾಯವಾಣಿ 14567ರಿಂದಲೂ ಮಾಹಿತಿ ಹಾಗೂ ಮಾರ್ಗದರ್ಶನ ಪಡೆಯಬಹುದು.