ಚರ್ಮಗಂಟು ರೋಗವೂ ವೀಳ್ಯದೆಲೆಯ ಮದ್ದೂ

ದನಗಳ ಮೈಮೇಲೆ ಗಂಟುಗಳೇಳುವ ಚರ್ಮಗಂಟು ರೋಗವು ನಮ್ಮ ದೇಶದಲ್ಲಿ ಮೊದಲು ಕಂಡುದು ೨೦೧೯ರಲ್ಲಿ, ಒಡಿಶಾದಲ್ಲಿ. ೨೦೨೨ರಲ್ಲಿ ಅದು ಕರ್ನಾಟಕದ ಹಟ್ಟಿಗಳನ್ನೂ ಬಹುವಾಗಿ ಕಾಡಿತು. ಸೊಳ್ಳೆ, ನೊಣ, ಉಣ್ಣಿಗಳು ಇದನ್ನು ಹರಡುತ್ತವೆ. ರೋಗ ಬರುವ ಮುನ್ನ ಹಾಕಿಸಲು ಆಡಿನ ಸಿಡುಬಿನ ಲಸಿಕೆ ಉಂಟು. ಬಂದಮೇಲೆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆದುದರಿಂದ ಜನರು ವೀಳ್ಯದೆಲೆ, ಮೆಣಸು, ಉಪ್ಪುಗಳನ್ನು ಅರೆದು ಬೆಲ್ಲದೊಡನೆ ತಿನ್ನಿಸಿದರು. “ಕೊಟ್ಟೆವು, ಬದುಕಿತು” ಎಂಬುದೇ ಅದಕ್ಕೆ ಪ್ರಮಾಣ.

ಇದು ಪ್ರಮಾಣವಾದೀತೆ? ರೋಗ ತಗುಲಿದ ದನಗಳಲ್ಲಿ ಸಾಮಾನ್ಯವಾಗಿ ಸಾಯುವುವು ಕೆಲವೇ. ಬರಿಯ ನೀರು ಕುಡಿಸಿದರೂ ಹೆಚ್ಚಿನವು ಉಳಿದಾವು, ಕೀರ್ತಿ ನೀರಿಗೆ! ನಿಜ ತಿಳಿಯಬೇಕಾದರೆ, ಒಂದೇ ಹಂತದ ರೋಗವಿರುವ ದನಗಳನ್ನು ಚೀಟಿಯೆತ್ತಿ ಎರಡು ಪಾಲು ಮಾಡಿ, ಮದ್ದನ್ನು ಒಂದು ಪಾಲಿಗೆ ಮಾತ್ರ ಕೊಡಬೇಕು. ಗಂಟು, ಜ್ವರ, ಹಾಲುಗಳನ್ನು ಅಳೆಯುವವನಿಗೆ ಯಾವುದು ಯಾವ ಪಾಲಿನದೆಂದು ತಿಳಿದಿರಬಾರದು. ಸಾವು ಇಷ್ಟು ವಿರಳವಾದ ಕಡೆ ಹತ್ತಿಪ್ಪತ್ತು ದನ ಸಾಲವು, ನೂರಾರು ಬೇಕು.

ಕಷ್ಟವಿರುವುದು ಇಲ್ಲಿಯೇ. ಒಂದೇ ಹಸುವಿನ ಹಾಲು ಮಾರಿ ಮಗನ ಫೀಜು ಕಟ್ಟುವ ಮನೆಗೆ (ನಮ್ಮದೂ ಅಂಥದೇ) ಹೋಗಿ “ನಿಮ್ಮದು ಮದ್ದಿಲ್ಲದ ಪಾಲು” ಎನ್ನುವುದೆಂತು? ಗುಣವೇ ಸ್ಥಾಪಿತವಾಗದ ಮದ್ದು ಸಿಗದಿದ್ದರೆ ಅನ್ಯಾಯವೇನೆಂದು ನಾನು ತಾಯಿಯೊಡನೆ ವಾದಿಸಿದೆ. ಅವರು ಒಪ್ಪಲಿಲ್ಲ. ಜ್ವರದ ಔಷಧಿ, ಹುಣ್ಣಿನ ಆರೈಕೆ ಎರಡು ಪಾಲಿಗೂ ಸಮನಾಗಿ ಉಂಟೆಂದು ತಿಳಿಸಿದಮೇಲೆ, “ಹಾಗಾದರೆ ನೋಡಬಹುದು” ಎಂದರು.