ಆಮದು ಸುಂಕದ ಪಾಠ: ಒಂದೇ ತರಗತಿಯಲ್ಲಿ ಗೂಡು ಬೆಳೆಯುವವರ ಮಕ್ಕಳು, ಮಗ್ಗದವರ ಮಕ್ಕಳು

ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ಉಪನ್ಯಾಸಕಿಯಾಗಿ ಪ್ರತಿ ವರ್ಷ ಅಭ್ಯಾಸ ಬೋಧನೆ ಆರಂಭವಾಗುವ ಮೊದಲು ಒಂದೆರಡು ಮಾದರಿ ಪಾಠಗಳನ್ನು ನಾನೇ ತೆಗೆದುಕೊಳ್ಳುತ್ತೇನೆ. ಅಂಥ ಒಂದು ಪಾಠ ದಾರಿ ತಪ್ಪಿದ್ದನ್ನೂ, ಅದನ್ನು ಎರಡನೆಯ ಸಲ ತಿದ್ದಿಕೊಂಡು ಮಾಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ವಿದೇಶಿ ವ್ಯಾಪಾರದ ಘಟಕವನ್ನು ಬೋಧಿಸಲಿರುವ ಪ್ರಶಿಕ್ಷಣಾರ್ಥಿಗಳಿಗೆ ಇದು ನೆರವಾಗಬಹುದು.

ದೊಡ್ಡಬಳ್ಳಾಪುರದ ಕಡೆಯ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿ. ಹಿಂದಿನ ಬೆಂಚುಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ಕಪ್ಪುಹಲಗೆಯ ಮೇಲೆ ಎರಡು ಕಲಂ ಎಳೆದು, ರಫ್ತಿನಿಂದ ದೇಶಕ್ಕೆ ಹಣ ಬರುತ್ತದೆ, ಆಮದಿನಿಂದ ಹಣ ಹೋಗುತ್ತದೆ ಎಂದು ಬರೆದೆ. ಅದರ ಕೆಳಗೆ, ಬೇಗ ಅರ್ಥವಾಗಲಿ ಎಂದು, ‘ರಫ್ತು – ಲಾಭ, ಆಮದು – ನಷ್ಟ’ ಎಂದೂ ಸೇರಿಸಿದೆ. ಉದಾಹರಣೆಗೆ ಚೀನಾ ರೇಷ್ಮೆಯನ್ನೇ ಕೊಟ್ಟೆ. ಮನೆಯಲ್ಲಿ ರೇಷ್ಮೆ ಹುಳು ಸಾಕುವ ಹುಡುಗನೊಬ್ಬ ಎದ್ದು, ಚೀನಾ ನೂಲು ಬಂದಾಗ ಗೂಡಿನ ರೇಟು ಬೀಳುತ್ತದೆ ಎಂದು ಚೆನ್ನಾಗಿಯೇ ಹೇಳಿದ. ನಾನು ಶಹಬ್ಬಾಸ್ ಎಂದೆ. ಆಗ ಮಗ್ಗದ ಮನೆಯ ಹುಡುಗಿಯೊಬ್ಬಳು ಕೇಳಿದಳು: “ಚೀನಾ ನೂಲು ಇಲ್ದಿದ್ರೆ ನಮ್ಮ ಮನೆ ಮಗ್ಗ ಓಡೋದಿಲ್ಲ ಮಿಸ್. ಹಂಗಾದ್ರೆ ನಮ್ಮಪ್ಪ ದೇಶಕ್ಕೆ ನಷ್ಟ ಮಾಡ್ತಾ ಇದಾರಾ?”

ನನಗೆ ಉತ್ತರ ಹೊಳೆಯಲಿಲ್ಲ. “ಹಾಗಲ್ಲಮ್ಮ” ಎಂದು ಮುಂದಿನ ಅಂಶಕ್ಕೆ ಹೋದೆ. ಆ ಹುಡುಗಿ ಪಾಠ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ. ತಪ್ಪು ಅವಳ ಪ್ರಶ್ನೆಯಲ್ಲಿರಲಿಲ್ಲ, ನಾನು ಹಲಗೆಯ ಮೇಲೆ ಬರೆದ ಸಾಲಿನಲ್ಲಿತ್ತು. ಮುಂದಿನ ವಾರ ಅದೇ ತರಗತಿಯಲ್ಲಿ ಅದೇ ಪಾಠವನ್ನು ಮತ್ತೆ ಮಾಡಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಿಕೊಂಡೆ.

ಮೊದಲ ಹೆಜ್ಜೆ: ವ್ಯಾಪಾರ ಏಕೆ?

ಎರಡನೆಯ ಸಲ ಸುಂಕದಿಂದ ಆರಂಭಿಸಲಿಲ್ಲ. ದೇಶಗಳು ಕೊಡುಕೊಳ್ಳುವಿಕೆ ಮಾಡುವುದಾದರೂ ಏಕೆ ಎಂಬಲ್ಲಿಂದ ಆರಂಭಿಸಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ತರಗತಿಗೆ ಹೊಂದುತ್ತದೆ. ಒಂದು ವರ್ಷದಲ್ಲಿ ಇಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿನಲ್ಲಿ 100 ಜನರ ದುಡಿಮೆ ಬೇಕು, ಇಷ್ಟು ದ್ರಾಕ್ಷಾರಸಕ್ಕೆ 120 ಜನರದು. ಪೋರ್ಚುಗಲ್ಲಿನಲ್ಲಿ ಅಷ್ಟೇ ಬಟ್ಟೆಗೆ 90 ಜನ, ಅಷ್ಟೇ ದ್ರಾಕ್ಷಾರಸಕ್ಕೆ 80 ಜನ ಸಾಕು.

ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಹಾಗಾದರೆ ಇಂಗ್ಲೆಂಡಿನಿಂದ ಅದು ಏನನ್ನಾದರೂ ಏಕೆ ಕೊಳ್ಳಬೇಕು? ಮಕ್ಕಳು ಇಲ್ಲಿ ನಿಂತು ಯೋಚಿಸಲಿ. ಬಟ್ಟೆಯನ್ನು ದ್ರಾಕ್ಷಾರಸಕ್ಕೆ ಸಮಸಮವಾಗಿ ಬದಲಾಯಿಸಿಕೊಂಡರೆ, ಇಂಗ್ಲೆಂಡ್ 100 ಜನರ ದುಡಿಮೆಯ ಬಟ್ಟೆ ಕೊಟ್ಟು, ತಾನೇ ಮಾಡಿದ್ದರೆ 120 ಜನ ಬೇಕಾಗುತ್ತಿದ್ದ ದ್ರಾಕ್ಷಾರಸ ಪಡೆಯುತ್ತದೆ. ಪೋರ್ಚುಗಲ್ 80 ಜನರ ದುಡಿಮೆ ಕೊಟ್ಟು 90 ಜನರ ದುಡಿಮೆಯ ಬಟ್ಟೆ ಪಡೆಯುತ್ತದೆ. ಒಂದು ದೇಶಕ್ಕೆ 20 ಜನರ, ಇನ್ನೊಂದಕ್ಕೆ 10 ಜನರ ದುಡಿಮೆ ಉಳಿಯಿತು. ಯಾರು ಹೆಚ್ಚು ಸಮರ್ಥರು ಎಂಬುದಲ್ಲ, ಯಾವುದನ್ನು ಬಿಟ್ಟು ಯಾವುದನ್ನು ಮಾಡಿದರೆ ಕಡಿಮೆ ಕಳೆದುಕೊಳ್ಳುತ್ತೇವೆ ಎಂಬುದೇ ಮುಖ್ಯ. ಇದೇ ತುಲನಾತ್ಮಕ ಅನುಕೂಲ.

ಈ ಲೆಕ್ಕ ಮುಗಿದ ಮೇಲೆ ‘ಆಮದು – ನಷ್ಟ’ ಎಂಬ ಸಾಲು ತಾನಾಗಿಯೇ ಬೀಳುತ್ತದೆ. ಆಮದು ಮಾಡಿಕೊಂಡ ವಸ್ತು ನಮ್ಮ ಕೈಗೆ ಬಂದಿರುತ್ತದೆ. ಅದನ್ನು ಪಡೆಯುವುದಕ್ಕೇ ನಾವು ರಫ್ತು ಮಾಡುತ್ತೇವೆ.

ಎರಡನೆಯ ಹೆಜ್ಜೆ: ಸುಂಕ ಏನು ಮಾಡುತ್ತದೆ?

ನಿಜವಾದ ದರಗಳನ್ನು ಮೊದಲು ಹಲಗೆಯ ಮೇಲೆ ಬರೆದೆ. ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2011ರ ಬಜೆಟ್ಟಿನಲ್ಲಿ ಶೇ. 30ರಿಂದ ಶೇ. 5ಕ್ಕೆ ಇಳಿಸಿತು. 2013ರ ಬಜೆಟ್ಟಿನಲ್ಲಿ ಶೇ. 5ರಿಂದ 15ಕ್ಕೆ ಏರಿಸಿತು. ನಡುವೆ ಇಳಿದಿದ್ದ ದರವನ್ನು 2021ರ ಬಜೆಟ್ಟಿನಲ್ಲಿ ಶೇ. 10ರಿಂದ ಮತ್ತೆ 15ಕ್ಕೆ ಏರಿಸಿತು. ಒಂದೇ ವಸ್ತುವಿನ ಸುಂಕ ಹೀಗೆ ಏರಿಳಿಯಲು ಕಾರಣವೇನೆಂದು ಕೇಳಿದೆ. ಗೂಡಿನವರು ಒಂದು ಕಡೆ, ಮಗ್ಗದವರು ಇನ್ನೊಂದು ಕಡೆ ಎಳೆಯುತ್ತಾರೆ ಎಂದು ಮಕ್ಕಳೇ ಹೇಳಿದರು.

ಆಮೇಲೆ ಒಂದು ಕಲ್ಪಿತ ಲೆಕ್ಕ. ಅಂಕಿಗಳು ಪಾಠಕ್ಕಾಗಿ ಮಾಡಿಕೊಂಡವು ಎಂದು ಮೊದಲೇ ಹೇಳಿಬಿಡಬೇಕು. ಒಂದು ಊರಿನ ಮಗ್ಗಗಳಿಗೆ ನೂಲು ಬೇಕು. ವಿದೇಶಿ ನೂಲು ಕೆ.ಜಿ.ಗೆ 3,000 ರೂಪಾಯಿಗೆ ಸಿಗುತ್ತದೆ, ನಾವು ಎಷ್ಟು ಕೊಂಡರೂ ಆ ಬೆಲೆ ಬದಲಾಗದು ಎಂದಿಟ್ಟುಕೊಳ್ಳೋಣ. ಆ ಬೆಲೆಗೆ ನೇಕಾರರು 100 ಕೆ.ಜಿ. ಕೊಳ್ಳುತ್ತಾರೆ. ನಮ್ಮವರು ಆ ಬೆಲೆಗೆ 40 ಕೆ.ಜಿ. ಮಾತ್ರ ಒದಗಿಸಬಲ್ಲರು. ಉಳಿದ 60 ಕೆ.ಜಿ. ಆಮದು.

ಈಗ ಶೇ. 15 ಸುಂಕ. ಬೆಲೆ 3,450 ರೂಪಾಯಿ ಆಯಿತು. ನೇಕಾರರು 90 ಕೆ.ಜಿ.ಗೆ ಇಳಿದರು. ನಮ್ಮವರು 60 ಕೆ.ಜಿ. ಒದಗಿಸಿದರು. ಆಮದು 30 ಕೆ.ಜಿ.ಗೆ ಇಳಿಯಿತು. ಯಾರಿಗೆ ಏನಾಯಿತು?

ಗೂಡು ಬೆಳೆಯುವವರು, ನೂಲು ಬಿಚ್ಚುವವರು: ಹಳೆಯ 40 ಕೆ.ಜಿ.ಗೆ ತಲಾ 450ರಂತೆ 18,000 ರೂಪಾಯಿ ಹೆಚ್ಚು ಬಂತು. ಹೊಸ 20 ಕೆ.ಜಿ.ಯಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಖರ್ಚಿಗೇ ಹೋಗುತ್ತದೆ, ಉಳಿದದ್ದು 4,500. ಒಟ್ಟು ಲಾಭ 22,500.

ಸರ್ಕಾರ: ಆಮದಾದ 30 ಕೆ.ಜಿ.ಗೆ 450ರಂತೆ 13,500 ರೂಪಾಯಿ ಸುಂಕ.

ನೇಕಾರರು: ಕೊಂಡ 90 ಕೆ.ಜಿ.ಗೆ 450ರಂತೆ 40,500 ಹೆಚ್ಚು ಕೊಟ್ಟರು. ಕೊಳ್ಳದೆ ಬಿಟ್ಟ 10 ಕೆ.ಜಿ.ಯಿಂದ ತಪ್ಪಿಹೋದ ಲಾಭ ಸರಾಸರಿ 225ರಂತೆ 2,250. ಒಟ್ಟು ನಷ್ಟ 42,750.

ಲಾಭ ಪಡೆದವರದು ಕೂಡಿಸಿದರೆ 36,000. ಕಳೆದುಕೊಂಡವರದು 42,750. ನಡುವಿನ 6,750 ರೂಪಾಯಿ ಯಾರ ಕೈಗೂ ಸೇರಲಿಲ್ಲ. ಅದರಲ್ಲಿ 4,500 ಹೊರಗಡೆ ಅಗ್ಗವಾಗಿ ಸಿಗುತ್ತಿದ್ದ 20 ಕೆ.ಜಿ. ನೂಲನ್ನು ಹೆಚ್ಚು ಖರ್ಚಿನಲ್ಲಿ ಇಲ್ಲೇ ತಯಾರಿಸಿದ್ದರಿಂದ ಹೋಯಿತು, 2,250 ನಿಂತ ಮಗ್ಗದಿಂದ ಹೋಯಿತು. ಸುಂಕದ ಬಗ್ಗೆ ಅರ್ಥಶಾಸ್ತ್ರಜ್ಞರು ಎಚ್ಚರಿಸುವುದು ಈ ಮೊತ್ತಕ್ಕಾಗಿ.

ಲೆಕ್ಕ ಮುಗಿದಾಗ ಒಬ್ಬ ಹುಡುಗ, “ಸುಂಕ ಕಟ್ಟೋದು ಚೀನಾದವರಲ್ವಾ ಮಿಸ್?” ಎಂದ. ಬಹುತೇಕ ಮಕ್ಕಳಲ್ಲಿರುವ ತಪ್ಪು ಕಲ್ಪನೆ ಇದು. ಬಂದರಿನಲ್ಲಿ ಸುಂಕ ಕಟ್ಟುವವರು ನಮ್ಮ ಆಮದುದಾರರು. ಅದು ನೂಲಿನ ಬೆಲೆಯಲ್ಲಿ ಸೇರಿ ನೇಕಾರರಿಗೆ, ಅಲ್ಲಿಂದ ಸೀರೆ ಕೊಳ್ಳುವವರಿಗೆ ದಾಟುತ್ತದೆ.

ಮೂರನೆಯ ಹೆಜ್ಜೆ: ಹಾಗಾದರೆ ನಿರ್ಬಂಧ ಏಕೆ?

ಇಲ್ಲಿಗೇ ನಿಲ್ಲಿಸಿದರೆ ಮೊದಲ ದಿನದ ತಪ್ಪನ್ನೇ ತಿರುಗಿಸಿ ಮಾಡಿದಂತೆ. ಆಗ ಗೂಡಿನ ಮನೆಯ ಹುಡುಗ ತಲೆ ತಗ್ಗಿಸಬೇಕಾಗುತ್ತದೆ. ರಿಕಾರ್ಡೊನ ಲೆಕ್ಕದಲ್ಲಿ ಬಟ್ಟೆ ನೇಯುವವನು ನಾಳೆಯೇ ಬೇರೆ ಕೆಲಸಕ್ಕೆ ಹೋಗಬಲ್ಲ. ನಮ್ಮಲ್ಲಿ ಹಾಗಿಲ್ಲ. ಹಿಪ್ಪುನೇರಳೆ ತೋಟ ಒಮ್ಮೆ ನಾಟಿದರೆ ವರ್ಷಗಟ್ಟಲೆ ಇರುವಂಥದು. ಹುಳು ಸಾಕಲು ಮನೆ ಕಟ್ಟಿಸಿರುತ್ತಾರೆ, ಅದಕ್ಕೆ ಸಾಲ ಇರುತ್ತದೆ. ರೇಟು ಬಿದ್ದ ವರ್ಷವೇ ಬೇರೆ ಬೆಳೆಗೆ ಬದಲಾಯಿಸಲಾಗದು. ದೇಶಕ್ಕೆ ಒಟ್ಟಾರೆ ಲಾಭವಾದರೂ, ಆ ಲಾಭ ನಷ್ಟವಾದವರ ಮನೆಗೆ ತಾನಾಗಿ ಹೋಗುವುದಿಲ್ಲ.

ಸರ್ಕಾರಗಳು ಕೊಡುವ ಕಾರಣಗಳು ಇನ್ನೂ ಇವೆ: ಹೊಸ ಉದ್ಯಮ ಬೇರೂರುವವರೆಗೆ ರಕ್ಷಣೆ, ಆದಾಯ, ಆಹಾರ ಮತ್ತು ದೇಶದ ಭದ್ರತೆ. ತನ್ನ ದೇಶದ ಬೆಲೆಗಿಂತಲೂ ಕಡಿಮೆಗೆ ಇಲ್ಲಿ ತಂದು ಸುರಿಯುವುದನ್ನು ತಡೆಯಲು ವಿಶೇಷ ಸುಂಕವನ್ನು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳೂ ಒಪ್ಪುತ್ತವೆ. ಆ ಸಂಸ್ಥೆ ಆರಂಭವಾದದ್ದು 1995ರ ಜನವರಿ 1ರಂದು. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರ. ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬೇಕು: ಚೀನಾದ ದ್ವಿತಳಿ ನೂಲು ಗಟ್ಟಿ, ಒಂದೇ ಸಮ, ವಿದ್ಯುತ್ ಮಗ್ಗದ ಹಾಸಿಗೆ ಒಗ್ಗುತ್ತದೆ. ನಮ್ಮಲ್ಲಿ ಮಿಶ್ರತಳಿ ಗೂಡೇ ಹೆಚ್ಚು. ಆದ್ದರಿಂದ ಸುಂಕದ ಜೊತೆಗೆ ದ್ವಿತಳಿ ಗೂಡು ಬೆಳೆಯಲು, ಒಳ್ಳೆಯ ನೂಲು ಬಿಚ್ಚುವ ಯಂತ್ರ ಹಾಕಲು ನೆರವು ಕೊಡುವುದೂ ಒಂದು ದಾರಿ. ಅದರಲ್ಲಿ ಗೂಡಿನವರಿಗೂ ಮಗ್ಗದವರಿಗೂ ಜಗಳವಿಲ್ಲ.

ನಿರ್ಬಂಧ ಆಮದಿಗೆ ಮಾತ್ರವಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿತು, 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ಉದ್ದೇಶ, ಇಲ್ಲಿ ಕೊಳ್ಳುವವರಿಗೆ ಬೆಲೆ ಏರದಿರಲಿ ಎಂಬುದು. ಆದರೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಗೆ ಇಲ್ಲಿ ಗಿರಾಕಿ ಕಡಿಮೆ. ಅದು ಹೋಗುವುದು ಮಲೇಷ್ಯಾ, ಸಿಂಗಪುರದಂಥ ಕಡೆಗೆ. ರಫ್ತು ಸುಂಕದಿಂದ ನಷ್ಟ ಬೆಳೆಗಾರನಿಗೆ, ಇಲ್ಲಿಯ ಅಡುಗೆಮನೆಗೆ ಲಾಭ ಅತ್ಯಲ್ಪ. ಈ ತಳಿಗೆ ಆ ವರ್ಷವೇ ಸುಂಕ ವಿನಾಯಿತಿ ಕೊಡಬೇಕಾಯಿತು. ಆಮದು ಸುಂಕದಲ್ಲಿ ಕೇಳಿದ ‘ಯಾರಿಗೆ ಏನಾಯಿತು?’ ಎಂಬ ಪ್ರಶ್ನೆಯನ್ನೇ ಇಲ್ಲೂ ಕೇಳಿಸಿ. ಉತ್ತರದ ದಿಕ್ಕು ತಿರುಗಿರುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಮಾತು

ಒಂದು, ವ್ಯಾಪಾರವನ್ನು ಎರಡು ದೇಶಗಳ ಪಂದ್ಯದಂತೆ ಕಲಿಸಬೇಡಿ. ಎರಡು, ನಿಜವಾದ ಅಂಕಿ ಯಾವುದು, ಪಾಠಕ್ಕಾಗಿ ಮಾಡಿಕೊಂಡ ಅಂಕಿ ಯಾವುದು ಎಂಬುದನ್ನು ಹಲಗೆಯ ಮೇಲೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಿರಿ. ಮೂರು, ಪಾಠಯೋಜನೆ ಬರೆಯುವ ಮೊದಲು ತರಗತಿಯ ಮಕ್ಕಳ ಮನೆಯ ಕಸುಬುಗಳನ್ನು ತಿಳಿದುಕೊಳ್ಳಿ. ನಾನು ಆ ಕೆಲಸ ಮಾಡಿರಲಿಲ್ಲ. ನಾಲ್ಕು, ‘ಸುಂಕ ಒಳ್ಳೆಯದೇ, ಕೆಟ್ಟದ್ದೇ?’ ಎಂಬ ಪ್ರಶ್ನೆಯನ್ನು ಮೌಲ್ಯಮಾಪನದಲ್ಲಿ ಕೇಳಬೇಡಿ. ‘ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ, ನಷ್ಟವಾದವರಿಗೆ ಏನು ಮಾಡಬಹುದು?’ ಎಂದು ಕೇಳಿ.

ಎರಡನೆಯ ಪಾಠದ ಕೊನೆಗೆ ಈ ಪ್ರಶ್ನೆಯನ್ನೇ ಕೊಟ್ಟೆ. ಮಗ್ಗದ ಮನೆಯ ಆ ಹುಡುಗಿ ಬರೆದ ಉತ್ತರ ಚಿಕ್ಕದು: ಸುಂಕದಿಂದ ಬಂದ 13,500ರಲ್ಲಿ ಸ್ವಲ್ಪವನ್ನು ಗೂಡಿನವರಿಗೆ ಒಳ್ಳೆಯ ತಳಿಗಾಗಿ ಕೊಟ್ಟರೆ, ಮುಂದೆ ಅವರ ನೂಲನ್ನೇ ನಾವು ಕೊಳ್ಳಬಹುದು. ಹಣ ಸಾಕಾಗುತ್ತದೆಯೇ, ಎಷ್ಟು ವರ್ಷ ಬೇಕು ಎಂದು ಅಂಚಿನಲ್ಲಿ ಬರೆದು ಪುಸ್ತಕ ಹಿಂದಿರುಗಿಸಿದೆ. ಅವಳು ಅದನ್ನು ಪಕ್ಕದ ಬೆಂಚಿನ ಗೂಡಿನ ಮನೆಯ ಹುಡುಗನಿಗೆ ತೋರಿಸಿ ಲೆಕ್ಕ ಹಾಕತೊಡಗಿದಳು.