ಊರಿಗೆ ಹೊರಡುವ ಮುನ್ನ ಪಿಂಚಣಿ ಪಾಲಿಸಿಯ ಲೆಕ್ಕ: ಎಲ್ಲಿ ಕೊಂಡರೆ ತೆರಿಗೆ ಕಡಿಮೆ?

ಡೊಂಬಿವಲಿ: ಮೂವತ್ತು ಮೂವತ್ತೈದು ವರ್ಷ ಬೆಳಗ್ಗಿನ ಲೋಕಲ್‌ನಲ್ಲಿ ನಿಂತೇ ಪ್ರಯಾಣಿಸಿ, ಕೊನೆಗೊಂದು ತಿಂಗಳು ರೈಲ್ವೆ ಪಾಸ್ ನವೀಕರಿಸದೆ ಬಿಡುವ ದಿನ ಠಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದ ಕನ್ನಡಿಗರ ಮನೆಮನೆಗೂ ಬರುತ್ತದೆ. ಅದರ ಬೆನ್ನಿಗೇ ಎರಡು ಪ್ರಶ್ನೆಗಳು. ಇಲ್ಲೇ ಇರುವುದೋ ಊರಿಗೆ ಹೋಗುವುದೋ? ಕೈಗೆ ಬಂದ ಪಿ.ಎಫ್., ಗ್ರಾಚ್ಯುಯಿಟಿ ಹಣವನ್ನು ಏನು ಮಾಡುವುದು? ಒಂದೇ ಕಂತಿನಲ್ಲಿ ಹಣ ಕಟ್ಟಿ ಜೀವನ ಪರ್ಯಂತ ತಿಂಗಳು ತಿಂಗಳು ಪಿಂಚಣಿ ಪಡೆಯುವ ಪಾಲಿಸಿಯನ್ನು ಏಜೆಂಟರು ಮುಂದಿಡುವುದು ಇದೇ ಸಮಯದಲ್ಲಿ. ಇಂಗ್ಲಿಷಿನಲ್ಲಿ ಆನ್ಯುಯಿಟಿ ಎನ್ನುವ ಇದಕ್ಕೆ ಕನ್ನಡದಲ್ಲಿ ವರ್ಷಾಶನ ಎಂಬ ಹಳೆಯ ಮಾತಿದೆ. ಊರಿನ ದೇವಸ್ಥಾನಗಳಿಗೆ ಸರಕಾರದಿಂದ ಬರುತ್ತಿದ್ದ ವರ್ಷಾಶನವನ್ನು ಬಲ್ಲ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇತ್ತೀಚೆಗೆ ಇನ್ನೊಂದು ಸಂದೇಹವೂ ಸೇರಿಕೊಂಡಿದೆ. ಪಾಲಿಸಿಯನ್ನು ಮಹಾರಾಷ್ಟ್ರದಲ್ಲಿ ಇರುವಾಗಲೇ ಕೊಳ್ಳಬೇಕೋ, ಉಡುಪಿ-ಮಂಗಳೂರಿಗೆ ಹೋದ ಮೇಲೆ ಕೊಳ್ಳಬೇಕೋ, ರಾಜ್ಯ ಬದಲಾದರೆ ತೆರಿಗೆಯೂ ಬದಲಾಗುತ್ತದೆಯೇ ಎಂಬುದು. ಈ ಸಂದೇಹ ಹುಟ್ಟಲು ಅಮೆರಿಕದಲ್ಲಿರುವ ಮಕ್ಕಳೂ ಒಂದಿಷ್ಟು ಕಾರಣ. ಅಲ್ಲಿನ ಕೆಲವು ರಾಜ್ಯಗಳು ಇಂಥ ಪಾಲಿಸಿಯ ಮೇಲೆ ಪ್ರತ್ಯೇಕ ಪ್ರೀಮಿಯಂ ತೆರಿಗೆ ಹಾಕುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಉಳಿತಾಯದಿಂದ ಕೊಳ್ಳುವ ಪಾಲಿಸಿಗೆ ಅದು ಶೇ. 2.35 ಇದೆ. ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಆದಾಯ ತೆರಿಗೆ ಪೂರ್ತಿ ಕೇಂದ್ರ ಸರಕಾರದ್ದು. ವಿಮಾ ಪಾಲಿಸಿಯ ಮೇಲಿನ ಸ್ಟ್ಯಾಂಪ್ ಶುಲ್ಕದ ದರವನ್ನು ನಿಗದಿಪಡಿಸುವ ಅಧಿಕಾರವನ್ನೂ ಸಂವಿಧಾನವು ಕೇಂದ್ರದ ಪಟ್ಟಿಯಲ್ಲೇ ಇರಿಸಿದೆ. ಆದ್ದರಿಂದ ಡೊಂಬಿವಲಿಯಲ್ಲಿ ಸಹಿ ಹಾಕಿದರೂ ಕುಂದಾಪುರದಲ್ಲಿ ಸಹಿ ಹಾಕಿದರೂ ಪಿಂಚಣಿಯ ಮೇಲಿನ ತೆರಿಗೆ ಒಂದೇ.

ರಾಜ್ಯಕ್ಕೆ ಪಾಲು ಸಿಗುತ್ತಿದ್ದುದು ಜಿ.ಎಸ್.ಟಿ.ಯಲ್ಲಿ. 2017ರ ಜುಲೈ 1ರಿಂದ ಒಂದೇ ಕಂತಿನ ಪಿಂಚಣಿ ಪಾಲಿಸಿಗೆ ಕಟ್ಟಿದ ಹಣದ ಶೇ. 10ರಷ್ಟನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ. 18 ತೆರಿಗೆ, ಅಂದರೆ ಒಟ್ಟು ಮೊತ್ತದ ಶೇ. 1.8 ಪಡೆಯಲಾಗುತ್ತಿತ್ತು. 20 ಲಕ್ಷ ರೂ. ಕಟ್ಟಿದವರು 36 ಸಾವಿರ ರೂ. ತೆರಿಗೆ ತೆತ್ತಿದ್ದಾರೆ. ರಾಜ್ಯದೊಳಗಿನ ವ್ಯವಹಾರವಾದರೆ ಅದರ ಅರ್ಧ ರಾಜ್ಯದ ಬೊಕ್ಕಸಕ್ಕೆ. ಮುಪ್ಪಿನ ಅನ್ನದ ಹಣದಲ್ಲಿ ಈ ಕಡಿತವೇಕೆ ಎಂಬ ಅಸಮಾಧಾನ ಬಹುಕಾಲ ಇತ್ತು. 2025ರ ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿಯು ವೈಯಕ್ತಿಕ ಜೀವವಿಮಾ ಪಾಲಿಸಿಗಳನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ಎನ್.ಪಿ.ಎಸ್. ಮೂಲಕ ಕೊಳ್ಳುವ ಪಿಂಚಣಿಗೆ ಮೊದಲಿನಿಂದಲೂ ಜಿ.ಎಸ್.ಟಿ. ಇರಲಿಲ್ಲ. ಆದರೆ ತೆರಿಗೆ ಹೋಯಿತೆಂದು ಅವಸರ ಪಡುವಂತಿಲ್ಲ. ವಿಮಾ ಕಂಪೆನಿಗಳು ತಮ್ಮ ಖರ್ಚಿನ ಮೇಲೆ ತೆತ್ತ ತೆರಿಗೆಯನ್ನು ಈಗ ಹಿಂದಕ್ಕೆ ಪಡೆಯಲಾರವು. ಆದ್ದರಿಂದ ತಿಂಗಳಿಗೆ ಕೈಗೆ ಬರುವ ಮೊತ್ತವನ್ನೇ ನಾಲ್ಕು ಕಡೆ ವಿಚಾರಿಸಿ ಹೋಲಿಸುವುದು ಜಾಣತನ.

ನಿಜವಾದ ಪೆಟ್ಟು ಇರುವುದು ಆದಾಯ ತೆರಿಗೆಯಲ್ಲಿ, ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ದೀರ್ಘಕಾಲ ದುಡಿದವರಿಗೆ ಪಿ.ಎಫ್. ಹಣ ತೆರಿಗೆ ಇಲ್ಲದೆ ಕೈಗೆ ಬರುತ್ತದೆ. ಅದೇ ಹಣವನ್ನು ಪಿಂಚಣಿ ಪಾಲಿಸಿಗೆ ಕಟ್ಟಿದರೆ ಮರಳಿ ಬರುವ ಪ್ರತಿ ರೂಪಾಯಿಯೂ ಆದಾಯವಾಗಿ ಬಿಡುತ್ತದೆ. ಮರಣಾನಂತರ ಅಸಲು ವಾಪಸಾಗದ ಪಾಲಿಸಿಯಲ್ಲಿ ಪಿಂಚಣಿ ಹೆಚ್ಚು. ಅದರ ಒಂದು ಭಾಗ ಕಟ್ಟಿದವರ ಸ್ವಂತ ಅಸಲೇ. ಅಮೆರಿಕದಲ್ಲಿ ಸ್ವಂತ ಉಳಿತಾಯದಿಂದ ಕೊಂಡ ಪಿಂಚಣಿಯಲ್ಲಿ ಅಸಲಿನ ಭಾಗವನ್ನು ಬೇರ್ಪಡಿಸಿ ಉಳಿದದ್ದಕ್ಕೆ ಮಾತ್ರ ತೆರಿಗೆ. ಇಲ್ಲಿ ಆ ವಿಂಗಡಣೆ ಇಲ್ಲ. ಮಾಜಿ ಉದ್ಯೋಗದಾತರಿಂದ ಬರುವ ಪಿಂಚಣಿಯನ್ನು ಸಂಬಳದಂತೆ ಕಂಡು ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತಾರೆ. ಸ್ವತಃ ಕೊಂಡ ಪಾಲಿಸಿಯ ಪಿಂಚಣಿ ಇತರ ಮೂಲದ ಆದಾಯ, ಅದಕ್ಕೆ ಆ ರಿಯಾಯಿತಿ ಇಲ್ಲ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ದುಡಿದು ಬ್ಯಾಂಕ್ ಪಿಂಚಣಿ ಪಡೆಯುತ್ತಿರುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು. ಎರಡೂ ಒಂದೇ ಖಾತೆಗೆ ಜಮೆಯಾದರೂ ಲೆಕ್ಕ ಬೇರೆ ಬೇರೆ.

ಹಾಗೆಂದು ಎಲ್ಲರೂ ಹೆದರಬೇಕಾಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ ವಾರ್ಷಿಕ 12 ಲಕ್ಷ ರೂ. ವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟ್ ಕಾರಣ ತೆರಿಗೆ ಶೂನ್ಯ. ಖಾಸಗಿ ಕಂಪೆನಿಯಿಂದ ನಿವೃತ್ತರಾಗಿ 20 ಲಕ್ಷ ರೂ. ಕಟ್ಟಿ, ಲೆಕ್ಕಕ್ಕಾಗಿ ತಿಂಗಳಿಗೆ 11 ಸಾವಿರ ರೂ. ಪಡೆಯುವವರಿದ್ದಾರೆ ಎಂದಿಟ್ಟುಕೊಂಡರೆ ವರ್ಷಕ್ಕೆ ಅದು 1.32 ಲಕ್ಷ. ಬ್ಯಾಂಕ್ ಬಡ್ಡಿ, ಸ್ವಲ್ಪ ಬಾಡಿಗೆ ಸೇರಿದರೂ ಅವರು ಮಿತಿಯ ಒಳಗೇ ಇರುತ್ತಾರೆ.

ತೊಂದರೆ ಬರುವುದು ಫ್ಲ್ಯಾಟ್ ಮಾರುವವರಿಗೆ. ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಎಂಬತ್ತರ, ತೊಂಬತ್ತರ ದಶಕದಲ್ಲಿ ಕೊಂಡ ವನ್ ಬಿ.ಎಚ್.ಕೆ.ಯನ್ನು ಮಾರಿ, ಅಷ್ಟೂ ಹಣವನ್ನು ಪಿಂಚಣಿಗೆ ಕಟ್ಟಿ ಊರಿನ ತರವಾಡು ಮನೆಯಲ್ಲಿ ಇದ್ದುಬಿಡುವ ಯೋಚನೆ ಕೇಳಲು ಚೆಂದ. ಆದರೆ ಮಾರಾಟದ ಲಾಭಕ್ಕೆ ಪ್ರತ್ಯೇಕ ದರದ ತೆರಿಗೆ ಇದೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಬೆಲೆಯೇರಿಕೆ ಸೂಚ್ಯಂಕ ಇಲ್ಲದೆ ಶೇ. 12.5 ಅಥವಾ ಸೂಚ್ಯಂಕ ಸಹಿತ ಶೇ. 20, ಯಾವುದು ಕಡಿಮೆಯೋ ಅದು. 12 ಲಕ್ಷದ ರಿಬೇಟ್ ಈ ಲಾಭಕ್ಕೆ ಅನ್ವಯಿಸದು. ಅದೇ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಉಂಟು. ಪಿಂಚಣಿ ಪಾಲಿಸಿ ಕೊಂಡರೆ ಇಲ್ಲ. 2001ಕ್ಕಿಂತ ಮೊದಲಿನ ಮನೆಯಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರಿಂದ ಅದರ ವರದಿ ಪಡೆಯುವ ಖರ್ಚು ವ್ಯರ್ಥವಾಗದು. ಊರಿನಲ್ಲಿ ಮನೆ ಕೊಳ್ಳುವವರಿಗೆ ಮಾತ್ರ ರಾಜ್ಯದ ಬಿಸಿ ತಟ್ಟುತ್ತದೆ. ಕರ್ನಾಟಕ ಸರಕಾರವು 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿದೆ, ಸ್ಟ್ಯಾಂಪ್ ಶುಲ್ಕ ಬೇರೆ.

ಹೊಟೇಲ್ ಹಾಗೂ ಇತರ ಸ್ವಂತ ಉದ್ಯೋಗದವರಲ್ಲಿ ಎನ್.ಪಿ.ಎಸ್. ಕಟ್ಟಿದವರೂ ಇದ್ದಾರೆ. ಒಟ್ಟು ನಿಧಿಯ ಶೇ. 40ನ್ನು ಕಡ್ಡಾಯವಾಗಿ ಪಿಂಚಣಿಗೆ ತೊಡಗಿಸಬೇಕೆಂಬ ನಿಯಮವು ಸರಕಾರಿ ನೌಕರರಲ್ಲದವರಿಗೆ 2025ರ ಡಿಸೆಂಬರ್‌ನಲ್ಲಿ ಸಡಿಲಗೊಂಡು ದೊಡ್ಡ ನಿಧಿಗಳಿಗೆ ಶೇ. 20ಕ್ಕೆ ಇಳಿಯಿತು. ಆದರೆ ಕೈಗೆ ಪಡೆವ ಮೊತ್ತಕ್ಕೆ ಆದಾಯ ತೆರಿಗೆ ಕಾಯಿದೆ ನೀಡಿದ್ದ ವಿನಾಯಿತಿ ಶೇ. 60ಕ್ಕೆ. ನಿಯಮ ಸಡಿಲವಾಯಿತೆಂದ ಮಾತ್ರಕ್ಕೆ ಅದು ತಾನಾಗಿ 80ಕ್ಕೆ ಏರಲಿಲ್ಲ. ಹೆಚ್ಚುವರಿ ಮೊತ್ತಕ್ಕೆ ಕೈ ಚಾಚುವ ಮೊದಲು ಚಾರ್ಟರ್ಡ್ ಅಕೌಂಟೆಂಟರಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಹಣದ ಭದ್ರತೆಯ ಮಾತೂ ಬರುತ್ತದೆ. ಭಾರತೀಯ ಜೀವವಿಮಾ ನಿಗಮದ ಪಾಲಿಸಿಗಳಿಗೆ 1956ರ ಕಾಯಿದೆಯ 37ನೇ ಕಲಮಿನಂತೆ ಕೇಂದ್ರ ಸರಕಾರದ ಖಾತರಿ ಇದೆ. ಖಾಸಗಿ ಕಂಪೆನಿಗಳ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಗಾ ಇದ್ದರೂ ಅಂಥ ಖಾತರಿ ಇಲ್ಲ. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆನಿಸಿದರೆ ಮರಳಿಸಬಹುದು. ಸ್ಟ್ಯಾಂಪ್ ಶುಲ್ಕ ಮತ್ತು ಅಷ್ಟರಲ್ಲಿ ಕೊಟ್ಟ ಪಿಂಚಣಿಯನ್ನು ಕಳೆದು ಉಳಿದದ್ದು ವಾಪಸು ಬರುತ್ತದೆ. ಆ ಮೂವತ್ತು ದಿನ ದಾಟಿದರೆ ಹಣ ಮರಳಿ ಪಡೆಯುವುದು ಬಹಳ ಕಷ್ಟ, ಕೆಲವು ಬಗೆಯ ಪಾಲಿಸಿಗಳಲ್ಲಿ ಸಾಧ್ಯವೇ ಇಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಬೇಕಾದೀತೆಂಬ ಹಣವನ್ನು ಇದರಲ್ಲಿ ಕಟ್ಟಬಾರದು.

ಇನ್ನು ಹೆಸರಿನ ತೊಡಕು. ಊರಿನ ಶಾಲಾ ದಾಖಲೆಯಲ್ಲಿ ಇನಿಶಿಯಲ್, ಇಲ್ಲಿಯ ರೇಷನ್ ಕಾರ್ಡಿನಲ್ಲಿ ಮರಾಠಿ ಪದ್ಧತಿಯಂತೆ ನಡುವೆ ತಂದೆಯ ಹೆಸರು, ಪಾನ್ ಕಾರ್ಡಿನಲ್ಲಿ ಮತ್ತೊಂದು. ಹೆಂಡತಿಯ ಹೆಸರು ಮದುವೆಯ ಮೊದಲಿನದೋ ನಂತರದ್ದೋ ಎಂಬ ಗೊಂದಲವೂ ಸಾಮಾನ್ಯ. ದಂಪತಿಯ ಜಂಟಿ ಪಿಂಚಣಿಯಲ್ಲಿ ಗಂಡ ತೀರಿಕೊಂಡ ಮೇಲೆ ಈ ವ್ಯತ್ಯಾಸ ಸರಿಪಡಿಸಲು ಓಡಾಡಬೇಕಾದವರು ಆ ಹೆಂಗಸೇ. ಅಫಿದಾವಿತ್ ಮಾಡಿಸೋಣವೆಂದರೆ ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ ನೂರು ರೂಪಾಯಿಯ ಸ್ಟ್ಯಾಂಪ್ ಪೇಪರಿನ ಕಾಲ ಮುಗಿದು ಕನಿಷ್ಠ ಶುಲ್ಕ 500 ರೂ. ಆಗಿದೆ. ಪಾಲಿಸಿಗೆ ಸಹಿ ಹಾಕುವ ಮುನ್ನವೇ ಪಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಇಬ್ಬರ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಂಡರೆ ಆಮೇಲಿನ ಎಷ್ಟೋ ಅಲೆದಾಟ ತಪ್ಪುತ್ತದೆ.

ಊರು ಸೇರಿದವರು ವಿಮಾ ಕಚೇರಿಗೂ ಆದಾಯ ತೆರಿಗೆಯ ಪೋರ್ಟಲಿಗೂ ಹೊಸ ವಿಳಾಸ ತಿಳಿಸಬೇಕು, ವರ್ಷಕ್ಕೊಮ್ಮೆ ಕೇಳುವ ಜೀವಂತ ಪ್ರಮಾಣಪತ್ರವನ್ನು ಮರೆಯಬಾರದು. ಪಿ.ಎಫ್. ಇಲಾಖೆಯ ಪಿಂಚಣಿ ಪಡೆಯುವವರಿಗೆ ಮಾತ್ರ ಒಂದು ಅನುಕೂಲವಾಗಿದೆ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲೂ ಅದನ್ನು ಪಡೆಯಬಹುದಾಗಿದ್ದು, ಊರಿಗೆ ಹೋದಾಗ ಠಾಣೆ ಅಥವಾ ವಾಶಿಯ ಪಿ.ಎಫ್. ಕಚೇರಿಯಿಂದ ಕಾಗದ ವರ್ಗಾಯಿಸಿಕೊಳ್ಳುವ ಅಗತ್ಯ ಈಗ ಉಳಿದಿಲ್ಲ.